ಲಂಜ್ ಹಾಕಿದಾಗ ಮಂಡಿ ನೋವು, ಬ್ಯಾಡ್ಮಿಂಟನ್ ಆಡೋರು ಸ್ವಲ್ಪ ಹೇಳಿ

ಪ್ರಶ್ನೆ: ವಾರಕ್ಕೆ ನಾಲ್ಕು ಸಂಜೆ ಬೆಂಗಳೂರಿನ ಎಚ್‌ಎಸ್‌ಆರ್ ಲೇಔಟ್ ಕಡೆ ಆಡ್ತೀನಿ. ಇನ್ನೆರಡು ತಿಂಗಳಿಗೆ ಸಿಂಗಲ್ಸ್ ಟೂರ್ನಮೆಂಟ್ ಇದೆ. ಲಂಜ್ (ಒಂದು ಕಾಲು ಮುಂದೆ ಚಾಚಿ ಮಂಡಿ ಬಗ್ಗಿಸೋದು) ಹಾಕಿದಾಗ, ಜಂಪ್ ಸ್ಮ್ಯಾಶ್ (ಹಾರಿ ಜೋರಾಗಿ ಹೊಡೆಯೋದು) ಆದಮೇಲೆ ಬಲಮಂಡಿ ಚಿಪ್ಪಿನ ಕೆಳಗೆ ನೋವು. ಊತ ಇಲ್ಲ. ಆಟ ನಿಲ್ಲಿಸಬೇಕಾ?

ಫಿಸಿಯೋ: ಪೂರ್ತಿ ನಿಲ್ಲಿಸಬೇಡಿ, ಹೊರೆ ಇಳಿಸಿ. ಒಂದೇ ಬೆರಳಿಟ್ಟು ಚಿಪ್ಪಿನ ಕೆಳತುದಿ ತೋರಿಸೋ ಹಾಗಿದ್ರೆ ಹೆಚ್ಚಾಗಿ ಅದು ಟೆಂಡನ್ ನೋವು, ಅಂದ್ರೆ ಚಿಪ್ಪಿನಿಂದ ಕೆಳಗಿನ ಮೂಳೆಗೆ ಕಟ್ಟಿರೋ ಗಟ್ಟಿ ನಾರಿನ ನೋವು. ಜಂಪ್ ಸ್ಮ್ಯಾಶ್ ಮೊದಲು ಬಿಡಿ, ನಾಲ್ಕು ದಿನ ಇರೋದನ್ನ ಒಂದಿನ ಬಿಟ್ಟು ಒಂದಿನ ಮಾಡಿ. ಆಡುವಾಗ ನೋವು ಹತ್ತಕ್ಕೆ ಮೂರರೊಳಗಿದ್ದು, ಮಾರನೇ ಬೆಳಗ್ಗೆ ಮೆಟ್ಟಿಲಿಳಿಯುವಾಗ ಹೆಚ್ಚಾಗಿರದಿದ್ರೆ ಅಷ್ಟು ಆಟ ನಡೆಯುತ್ತೆ.

ವ್ಯಾಯಾಮಕ್ಕೆ ಗೋಡೆಗೆ ಬೆನ್ನು ಕೊಟ್ಟು ಕುರ್ಚಿ ಹಾಗೆ ಕೂರಿ. 45 ಸೆಕೆಂಡ್, ಐದು ಸಲ, ನಡುವೆ ಎರಡು ನಿಮಿಷ ಬಿಡುವು. ಸುಲಭ ಅನಿಸಿದ್ರೆ ಭಾರ ನೋಯೋ ಕಾಲಿಗೆ ವಾಲಿಸಿ. ಎರಡು ವಾರ ಆದಮೇಲೆ ಒಂದು ಮೆಟ್ಟಿಲ ಮೇಲೆ ನೋಯೋ ಕಾಲಲ್ಲಿ ನಿಂತು, ಇನ್ನೊಂದು ಹಿಮ್ಮಡಿ ನೆಲ ಮುಟ್ಟೋವರೆಗೆ ಮೂರು ಎಣಿಸುತ್ತಾ ಇಳಿಯಿರಿ. ಎಂಟರಂತೆ ಮೂರು ಸುತ್ತು, ದಿನ ಬಿಟ್ಟು ದಿನ. ಮಂಡಿ ಒಳಕ್ಕೆ ವಾಲಿದ್ರೆ ಆ ಸುತ್ತು ಅಲ್ಲಿಗೇ ಸಾಕು. ಟೆಂಡನ್ ಗಟ್ಟಿಯಾಗೋಕೆ ಮೂರು ತಿಂಗಳಾದ್ರೂ ಬೇಕು, ಅದಕ್ಕೆ ಸಾಧ್ಯ ಆದ್ರೆ ಡಬಲ್ಸ್‌ಗೆ ಹೆಸರು ಕೊಡಿ.

ಮಲ್ಲೇಶ್ವರದ ಕೋಚ್: ವ್ಯಾಯಾಮ ಸರಿ ಸಾರ್, ಆದ್ರೆ ಲಂಜ್ ತಪ್ಪಿದ್ರೆ ಎಷ್ಟು ಮಾಡಿದ್ರೂ ಅಷ್ಟೇ. ನೆಟ್ ಮುಂದೆ ಫೋನ್ ಇಟ್ಟು ಹತ್ತು ಲಂಜ್ ವಿಡಿಯೋ ಮಾಡಿ. ಹಿಮ್ಮಡಿ ಮೊದಲು ತಾಗಬೇಕು, ಬೆರಳುಗಳು ಶಟಲ್ ಕಡೆ ತಿರುಗಿರಬೇಕು, ಮಂಡಿ ಪಾದದ ನೇರಕ್ಕೇ ಬಗ್ಗಬೇಕು. ಪಾದ ಒಂದು ಕಡೆ, ಮಂಡಿ ಇನ್ನೊಂದು ಕಡೆ ಹೋದ್ರೆ ತಿರುಚುತ್ತೆ. ಹೆಚ್ಚಿನವರಲ್ಲಿ ಮೂಲ ತಪ್ಪು ಅದಕ್ಕೂ ಹಿಂದೆ ಇರುತ್ತೆ: ಎದುರಾಳಿ ಹೊಡೆಯೋ ಕ್ಷಣಕ್ಕೆ ಆ ಪುಟ್ಟ ಹಾರುವಿಕೆ, ಸ್ಪ್ಲಿಟ್ ಸ್ಟೆಪ್, ಇರಲ್ಲ. ಹೊರಡೋದು ತಡ ಆಗುತ್ತೆ, ಎರಡು ಹೆಜ್ಜೆ ದೂರನ ಒಂದೇ ಉದ್ದ ಲಂಜಲ್ಲಿ ಮುಗಿಸ್ತಾರೆ. ಕಾಲಿನ ಸೋಮಾರಿತನಕ್ಕೆ ದಂಡ ಕಟ್ಟೋದು ಮಂಡಿ.

ಗಾಂಧಿಬಜಾರ್‌ನ ಡಬಲ್ಸ್ ಆಟಗಾರ: ನೆಲಾನೂ ನೋಡಿ. ಶೆಡ್ ಕೋರ್ಟ್‌ಗಳಲ್ಲಿ ಎಷ್ಟೋ ಕಡೆ ಸಿಮೆಂಟ್ ಮೇಲೆ ನೇರವಾಗಿ ಮ್ಯಾಟ್ ಹಾಸಿರ್ತಾರೆ. ಪಾದ ಕುಟ್ಟಿದ್ರೆ ಟೊಳ್ಳು ಸದ್ದು ಬಂದ್ರೆ ಕೆಳಗೆ ಮರ ಇದೆ ಅಂತ, ಅಂಥ ಕಡೆ ಬುಕ್ ಮಾಡಿ. ರನ್ನಿಂಗ್ ಶೂ ಹಾಕ್ಕೊಂಡು ಆಡ್ತಿದ್ರೆ ಇವತ್ತೇ ಬಿಡಿ. ಅದರಡಿಯ ಎತ್ತರದ ಮೆತ್ತೆ ಪಕ್ಕಕ್ಕೆ ತಿರುಗುವಾಗ ವಾಲುತ್ತೆ. ಗಮ್ ಸೋಲ್ (ನೆಲ ಹಿಡಿಯೋ ರಬ್ಬರ್ ಅಡಿ) ಇರೋ ಶೂನೇ ಬೇಕು. ಆ ಸೋಲ್‌ಗೆ ಧೂಳು ಹಿಡಿದ್ರೆ ಒದ್ದೆ ಬಟ್ಟೇಲಿ ಒರೆಸಿ.

ಪ್ರಶ್ನೆ ಕೇಳಿದವರು: ಮಂಡಿಗೆ ನೀ-ಕ್ಯಾಪ್ (ಬಿಗಿ ಪಟ್ಟಿ) ಹಾಕ್ಕೊಳ್ಳಲಾ?

ಫಿಸಿಯೋ: ಬೆಚ್ಚಗಿರುತ್ತೆ, ಧೈರ್ಯ ಕೊಡುತ್ತೆ, ಅಷ್ಟೇ. ಅದಕ್ಕಿಂತ, ಸಿಲ್ಕ್ ಬೋರ್ಡ್ ಟ್ರಾಫಿಕ್‌ನಲ್ಲಿ ಒಂದು ಗಂಟೆ ಕೂತು ಬಂದು ನೇರ ಕೋರ್ಟಿಗೆ ಇಳಿಯೋದು ಬಿಡಿ. ಮೊದಲು ಹತ್ತು ನಿಮಿಷ ಸ್ಕಿಪ್ಪಿಂಗ್, ಶ್ಯಾಡೋ (ಶಟಲ್ ಇಲ್ಲದೆ ಆಟದ ಹೆಜ್ಜೆ ಹಾಕೋದು), ಕೊನೆಗೆ ನಿಧಾನದ ಲಂಜ್ ಮಾಡಿ. ಮಾತ್ರೆ ನುಂಗಿ ಮಾತ್ರ ಆಡಬೇಡಿ, ನೋವು ಗೊತ್ತಾಗದೆ ಹೊರೆ ಮೀರುತ್ತೆ.

ಮಂಡಿ ತಿರುಚಿ ‘ಟಕ್’ ಅಂದು ಕೆಲವೇ ಗಂಟೆಯಲ್ಲಿ ಊದಿಕೊಂಡ್ರೆ, ಮಡಚಿದ್ದು ನೇರ ಮಾಡಲು ಆಗದೆ ಸಿಕ್ಕಿಹಾಕಿಕೊಂಡ್ರೆ, ನಡೆಯುವಾಗ ಕೈಕೊಟ್ರೆ, ಈ ಯಾವ ವ್ಯಾಯಾಮವೂ ಬೇಡ. ಉಳುಕು ತೆಗೆಸೋದು, ಎಣ್ಣೆ ಹಚ್ಚಿ ತಿಕ್ಕಿಸೋದೂ ಬೇಡ. ಸೀದಾ ಮೂಳೆ ಡಾಕ್ಟರ ಹತ್ರ ಹೋಗಿ.