ಅಪ್‌ಡೇಟ್: ನಮ್ಮ ಶಾಲೆ ಲೈಬ್ರರಿಯ ಹಬ್ಬದ ಮೇಜು

ಮಂಗಳೂರಿನ ನಮ್ಮ ಕ್ಯಾಥೊಲಿಕ್ ಶಾಲೆಯ ಲೈಬ್ರರಿಯಲ್ಲಿ ಹಬ್ಬಕ್ಕೆ ತಕ್ಕ ಹಾಗೆ ಪುಸ್ತಕ ಜೋಡಿಸಬೇಕು, ಎಲ್ಲ ಧರ್ಮದ ಮಕ್ಕಳೂ ಸೇರಬೇಕು, ಏನು ಮಾಡಬಹುದು ಅಂತ ಕೇಳಿದ್ದೆ. ತೆನೆಯಿಂದ ಶುರು ಮಾಡಿ ಅಂದವರಿಗೆ ತುಂಬಾ ಥ್ಯಾಂಕ್ಸ್.

ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ ಅದನ್ನೇ ಮಾಡಿದೆವು. ಮೇಜಿನ ಮೇಲೆ ಒಂದು ಹಿಡಿ ಭತ್ತದ ತೆನೆ, ಸುತ್ತ ಗದ್ದೆ, ಮಳೆ, ಅಡುಗೆಯ ಪುಸ್ತಕಗಳು. ಯೇಸುವಿನ ತಾಯಿ ಮರಿಯಮ್ಮನ ಹುಟ್ಟಿದ ಹಬ್ಬಕ್ಕೆ ಹೊಸ ಅಕ್ಕಿ ಊಟ ಅಂತ ಹೇಳಿದ್ದೇ ತಡ, ತುಳು ಮಾತಾಡುವ ಮಕ್ಕಳು "ನಮ್ಮಲ್ಲೂ ಪುದ್ವಾರ್ ಉಂಟು ಮಿಸ್" ಅಂದರು. ಅವರ ಹೊಸ ಅಕ್ಕಿ ಊಟಕ್ಕೆ ಆ ಹೆಸರು. ಒಬ್ಬಳು ತೆನೆಯಿಂದ ಒಂದು ಕಾಳು ಕಿತ್ತು, ಉಗುರಿನಲ್ಲೇ ಸಿಪ್ಪೆ ಸುಲಿದು ಪಕ್ಕದವಳ ಅಂಗೈ ಮೇಲೆ ಅಕ್ಕಿ ಇಟ್ಟಳು. ಮತ್ತೆ ಎಲ್ಲರಿಗೂ ಒಂದೊಂದು ಕಾಳು ಬೇಕು! ಆ ವಾರ ಬೇಸಾಯದ ಪುಸ್ತಕಗಳೇ ಜಾಸ್ತಿ ಹೋದವು.

ಈಗ ಆಗಮನ ಕಾಲ, ಅಂದರೆ ಕ್ರಿಸ್ಮಸ್‌ಗೆ ಮುಂಚಿನ ನಾಲ್ಕು ಭಾನುವಾರಗಳ ಕಾಲ. ಮೂರು ನೇರಳೆ, ಒಂದು ಗುಲಾಬಿ ಮೇಣದಬತ್ತಿ. ಪುಸ್ತಕಗಳ ಹತ್ತಿರ ಬೆಂಕಿ ಬೇಡ ಅಲ್ವಾ, ಹಾಗಾಗಿ ರಟ್ಟಿನವು. ವಾರಕ್ಕೊಂದರಂತೆ ಹಳದಿ ಕಾಗದದ ಜ್ವಾಲೆ ಅಂಟಿಸುತ್ತೇವೆ. ಗುಲಾಬಿ ಬಣ್ಣದ್ದು ಮೂರನೇ ಭಾನುವಾರಕ್ಕೆ, ಅದು ಸಂತೋಷದ ವಾರ. ಆಗ ಮಕ್ಕಳು ತಮಗೆ ನಗು ಬಂದ ಪುಟವನ್ನು ಜೋರಾಗಿ ಓದುತ್ತಾರೆ.

ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿ, ಗೋದಲಿಯನ್ನು ಪ್ರಾಣಿಗಳ ಪುಸ್ತಕದ ಪಕ್ಕದಲ್ಲೇ ಇಡುತ್ತೇವೆ. 1223ರಲ್ಲಿ ಅಸಿಸಿಯ ಸಂತ ಫ್ರಾನ್ಸಿಸ್ ಇಟಲಿಯ ಗ್ರೆಚ್ಚೋ ಊರಲ್ಲಿ ಮಾಡಿದ ಗೋದಲಿಯಲ್ಲಿ ನಿಜವಾದ ಎತ್ತು, ಕತ್ತೆ ಇದ್ದವಂತೆ. ಮಕ್ಕಳಿಗೆ ಈ ಕಥೆ ಎಷ್ಟು ಸಲ ಹೇಳಿದರೂ ಸಾಲದು. ಮಗು ಯೇಸುವನ್ನು ನೋಡಲು ಬಂದವರ ನೆನಪಿನ, ಜನವರಿ 6ರ ಮೂರು ರಾಯರ ಹಬ್ಬದವರೆಗೆ ಅದು ಅಲ್ಲೇ ಇರುತ್ತದೆ.

ಮುಂದೆ ತಪಸ್ಸು ಕಾಲ, ಈಸ್ಟರ್‌ಗೆ ಮುಂಚಿನ ಉಪವಾಸ, ಪ್ರಾರ್ಥನೆಯ ದಿನಗಳು. ಅದಕ್ಕೆ ಅಲಂಕಾರ ಸಾಕಷ್ಟು ಕಡಿಮೆ ಇರಬೇಕು. ಹರಿದ ಪುಸ್ತಕಗಳಿಗೆ ಮಕ್ಕಳಿಂದಲೇ ಬೈಂಡ್ ಹಾಕಿಸೋಣ ಅಂತಿದ್ದೇನೆ. ಬೇರೆ ಐಡಿಯಾ ಇದ್ದರೆ ಹೇಳಿ.