ನೆಪೋಲಿಯನ್ ಕಾಲದ ಯುದ್ಧ ಕಾದಂಬರಿಗಳು: ಎಲ್ಲಿಂದ ಶುರು ಮಾಡಲಿ?

ಪ್ರಶ್ನೆ: ನೆಪೋಲಿಯನ್ ಕಾಲದ ಯುದ್ಧ, ಸಾಹಸದ ಇಂಗ್ಲಿಷ್ ಕಾದಂಬರಿಗಳನ್ನು ಓದಬೇಕು ಅಂತ ತುಂಬಾ ಆಸೆ. ಎರಡು ಸಲ ಶುರು ಮಾಡಿ ಬಿಟ್ಟೆ. ದಳ, ಹುದ್ದೆ, ಹಾಯಿಗಳ ಹೆಸರು ಬಂದ ಕೂಡಲೇ ಗೊಂದಲ. ಓದಿದವರು ನಿಮ್ಮ ಅನುಭವ ಹೇಳಿ.

ಉತ್ತರ: ಶ್ರೀರಂಗಪಟ್ಟಣದಿಂದ ಶುರು ಮಾಡಿ ಮೇಡಂ. ಬರ್ನಾರ್ಡ್ ಕಾರ್ನ್‌ವೆಲ್ ಅವರ ‘ಶಾರ್ಪ್ಸ್ ಟೈಗರ್’ 1799ರ ಮುತ್ತಿಗೆಯ ಕಥೆ. ಶಾರ್ಪ್ ಎಂಬ ಸಿಪಾಯಿಯ ಕಥೆಗಳ ಈ ಸರಣಿ ಶುರುವಾದದ್ದು 1981ರಲ್ಲಿ, ಈ ಪುಸ್ತಕ ಬಂದದ್ದು 1997ರಲ್ಲಿ. ಆದರೆ ಕಥೆಯ ಕಾಲ ನೋಡಿದರೆ ಇದೇ ಮೊದಲನೆಯದು. ನಾನೂ ಇದೇ ಸರಣಿಯ ಸ್ಪೇನಿನ ಯುದ್ಧದ ಪುಸ್ತಕದಿಂದ ಶುರು ಮಾಡಿ ಅರ್ಧಕ್ಕೇ ಬಿಟ್ಟಿದ್ದೆ. ಆ ಊರು, ಬೆಟ್ಟ ಯಾವುದೂ ಕಣ್ಣಿಗೆ ಕಟ್ಟಲಿಲ್ಲ. ಇಲ್ಲಿ ಹಾಗಾಗಲಿಲ್ಲ. ಬೇಸಿಗೆ, ಕಾವೇರಿಯಲ್ಲಿ ನೀರು ಕಮ್ಮಿ, ಬಂಡೆಗಳು ಎದ್ದು ಕಾಣುತ್ತಿವೆ. ಮಳೆ ಹಿಡಿದು ಹೊಳೆ ತುಂಬಿದರೆ ಮುಗಿಯಿತು. ಬ್ರಿಟಿಷರ ಅವಸರ ಏನು ಅಂತ ನಮಗೆ ಯಾರೂ ಬಿಡಿಸಿ ಹೇಳಬೇಕಿಲ್ಲ, ಅಲ್ವಾ? ಮೇ 4ರ ಮಧ್ಯಾಹ್ನ ಅವರು ಹೊಳೆ ದಾಟುವ ಪುಟಗಳನ್ನು ಓದಿ, ಮುಂದಿನ ಭಾನುವಾರವೇ ಕೋಟೆ ಒಡೆದ ಜಾಗಕ್ಕೆ ಹೋಗಿ ನಿಂತೆ. ಕೆಳಗೆ ಹೊಳೆ, ಎದುರು ದಡ. ಅಷ್ಟು ದೂರ ಗುಂಡಿನ ಮಳೆಯಲ್ಲಿ ಓಡಿ ಬರುವುದು ಅಂದರೇನು ಅಂತ ಅಲ್ಲಿ ನಿಂತಾಗಲೇ ತಿಳಿದದ್ದು. ಈ ಕಡೆ ಕಾಯುತ್ತಾ ನಿಂತ ನಮ್ಮವರನ್ನು ನೆನೆದು ಕಣ್ಣು ತುಂಬಿ ಬಂತು.

ಕಥೆ ನಡೆಯುವುದು ಬ್ರಿಟಿಷ್ ಸಿಪಾಯಿಯ ಕಣ್ಣಿನಿಂದ, ಅದನ್ನು ಮರೆಯಬೇಡಿ. ಟಿಪ್ಪುವನ್ನು ಕೊಂದ ಸಿಪಾಯಿ ಯಾರು ಅಂತ ಇತಿಹಾಸದಲ್ಲಿ ಗೊತ್ತಿಲ್ಲ. ಕಾದಂಬರಿ ಆ ಖಾಲಿ ಜಾಗವನ್ನು ಬಳಸಿಕೊಂಡಿದೆ. ನಡೆದದ್ದೆಷ್ಟು, ಕಟ್ಟಿದ್ದೆಷ್ಟು ಅಂತ ಲೇಖಕರೇ ಕೊನೆಯಲ್ಲಿ ಬರೆದಿದ್ದಾರೆ. ಅದನ್ನು ತಪ್ಪದೆ ಓದಿ.

ಉತ್ತರ: ಹುದ್ದೆಗಳ ಬಗ್ಗೆ ಒಂದು ಗೊತ್ತಿದ್ದರೆ ಸಾಕು. ಆಗ ಬ್ರಿಟಿಷ್ ಸೇನೆಯಲ್ಲಿ ಅಧಿಕಾರಿಯ ಹುದ್ದೆಯನ್ನು ದುಡ್ಡು ಕೊಟ್ಟು ಕೊಳ್ಳಬಹುದಿತ್ತು. ಸಾಮಾನ್ಯ ಸಿಪಾಯಿಯಾಗಿದ್ದ ಶಾರ್ಪ್ ಮೇಲೆ ಬಂದಾಗ ಉಳಿದವರಿಗೆ ಯಾಕೆ ಅಷ್ಟು ಉರಿ ಅಂತ ಆಗ ಅರ್ಥವಾಗುತ್ತದೆ. ಮತ್ತೆ ಕೋವಿ ತುಂಬುವುದನ್ನು ನಿಧಾನವಾಗಿ ಓದಿ. ಕಾಗದದ ಪೊಟ್ಟಣವನ್ನು ಹಲ್ಲಿನಿಂದ ಕಚ್ಚಬೇಕು, ಮದ್ದು ಸುರಿಯಬೇಕು, ಗುಂಡು ಹಾಕಿ ಸಲಾಕೆಯಿಂದ ಗಿಡಿಯಬೇಕು. ಪಳಗಿದವನೂ ನಿಮಿಷಕ್ಕೆ ಮೂರು ಸಲ ಹೊಡೆದರೆ ಹೆಚ್ಚು. ಮದ್ದಿನ ಉಪ್ಪಿಗೆ ಬಾಯಿ ಒಣಗಿ ಹೋಗುತ್ತದೆ. ಇಷ್ಟು ಗೊತ್ತಾದ ಮೇಲೆ ಯುದ್ಧದ ಪುಟ ಹಾರಿಸಲು ಮನಸ್ಸೇ ಬರಲ್ಲ.

ಉತ್ತರ: ನನ್ನ ಓಟು ಸಮುದ್ರಕ್ಕೆ. ಪ್ಯಾಟ್ರಿಕ್ ಓಬ್ರಿಯನ್ ಅವರ ‘ಮಾಸ್ಟರ್ ಅಂಡ್ ಕಮಾಂಡರ್’ ಶುರುವಾಗುವುದು ಯುದ್ಧದಿಂದಲ್ಲ, ಸಂಗೀತ ಕಛೇರಿಯಿಂದ. 1800ನೇ ಇಸವಿ, ಮಿನೋರ್ಕಾ ದ್ವೀಪ. ನೌಕಾಪಡೆಯ ಅಧಿಕಾರಿ ಆಬ್ರಿ ಮೈಮರೆತು ತಾಳ ಹಾಕುತ್ತಾನೆ, ಪಕ್ಕದಲ್ಲಿದ್ದ ಡಾಕ್ಟರ್ ಮ್ಯಾಟುರಿನ್ ಮೊಣಕೈಯಲ್ಲಿ ತಿವಿಯುತ್ತಾನೆ. ಆ ಜಗಳದಿಂದ ಹುಟ್ಟಿದ ಸ್ನೇಹ 20 ಪುಸ್ತಕ ನಡೆಯುತ್ತದೆ. ಡಾಕ್ಟರಿಗೂ ಹಡಗಿನ ವಿಷಯ ಗೊತ್ತಿಲ್ಲ. ಯಾರೋ ಅವನಿಗೆ ಹಗ್ಗ, ಹಾಯಿ ತೋರಿಸಿ ವಿವರಿಸುವಾಗ ನೀವೂ ಪಕ್ಕದಲ್ಲಿ ನಿಂತು ಕೇಳಿಸಿಕೊಳ್ಳಿ. ಎಲ್ಲ ಹೆಸರೂ ನೆನಪಿರಬೇಕಿಲ್ಲ. ಗಾಳಿ ಯಾವ ಕಡೆಯಿಂದ ಬರುತ್ತಿದೆ ಅನ್ನುವುದನ್ನು ಮಾತ್ರ ಬಿಡಬೇಡಿ. ಯಾವ ಹಡಗಿಗೆ ಅನುಕೂಲ ಅನ್ನುವುದು ಹೆಚ್ಚಾಗಿ ಅದರ ಮೇಲೇ ನಿಂತಿರುತ್ತದೆ.