ವಿಯೆಟ್ನಾಮೀ–ಚೀನೀ ಹೋಟೆಲಿನಲ್ಲಿ ಸಸ್ಯಾಹಾರಿ ತಾಯಿಗೆ ಏನು ತರಿಸುವುದು?

ಪ್ರಶ್ನೆ — ಮೈಸೂರಿನವನು, ಸ್ಯಾನ್ ಹೋಸೆ

ಎಲ್ಲರಿಗೂ ನಮಸ್ಕಾರ. ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯ ಸ್ಟೋರಿ ರಸ್ತೆಯ ಹತ್ತಿರ ನಾವು ಮನೆ ಮಾಡಿ ಎಂಟು ತಿಂಗಳಾಯಿತು. ಸುತ್ತಮುತ್ತ ಎಲ್ಲಿ ನೋಡಿದರೂ ವಿಯೆಟ್ನಾಮೀ ಹೋಟೆಲುಗಳಿವೆ. ಅವುಗಳಲ್ಲಿ ಹಲವು ತಮ್ಮ ಫಲಕದ ಮೇಲೆ ಚೀನೀ ಅಕ್ಷರಗಳನ್ನೂ ಬರೆಸಿಕೊಂಡಿವೆ. ಮೈಸೂರಿನಿಂದ ಬಂದಿರುವ ತಂದೆತಾಯಿಯನ್ನು ಕಳೆದ ಶನಿವಾರ ಅಂಥದೊಂದು ಹೋಟೆಲಿಗೆ ಕರೆದುಕೊಂಡು ಹೋಗಿದ್ದೆ. ಕೂತ ಕೂಡಲೇ ಕೇಳದೆಯೇ ಸ್ಟೀಲಿನ ಜಗ್ಗಿನಲ್ಲಿ ಬಿಸಿ ಚಹಾ ಬಂದಿತು. ತಿಂಡಿಗಳ ಪಟ್ಟಿಯಲ್ಲಿ 1ರಿಂದ 140ರವರೆಗೆ ಸಂಖ್ಯೆಗಳಿದ್ದವು. ಅರ್ಧದಷ್ಟು ವಿಯೆಟ್ನಾಮಿನವು, ಅರ್ಧದಷ್ಟು ಚೀನಾದವು. ತಾಯಿಯವರು ಶುದ್ಧ ಸಸ್ಯಾಹಾರಿಗಳಾದ್ದರಿಂದ, ತರಕಾರಿ ಮತ್ತು ತೋಫು ಹಾಕಿದ ಅಕ್ಕಿ ನೂಡಲ್ಸ್ ಸೂಪ್ ಎಂದು ಬರೆದಿದ್ದ 38ನೆಯದನ್ನು ತರಿಸಿದೆ.

ಅವರು ಎರಡು ಚಮಚ ಕುಡಿದು, ‘ಇದರಲ್ಲಿ ಏನೋ ಇದೆ ಕಣೋ’ ಎಂದು ಚಮಚವನ್ನು ಕೆಳಗಿಟ್ಟರು. ಬಡಿಸಿದ ಹೆಂಗಸನ್ನು ವಿಚಾರಿಸಿದಾಗ, ಮೇಲಿರುವುದೆಲ್ಲ ತರಕಾರಿಯೇ, ಸೂಪ್ ಮಾತ್ರ ಕೋಳಿಯದು ಎಂದು ಅವರು ಏನೂ ಮುಚ್ಚಿಡದೆ ಹೇಳಿದರು. ಪಟ್ಟಿಯಲ್ಲಿ ಸುಳ್ಳೇನೂ ಬರೆದಿರಲಿಲ್ಲ ನಿಜ, ಆದರೆ ತಾಯಿಯವರು ಆ ದಿನ ಮತ್ತೇನನ್ನೂ ಮುಟ್ಟಲಿಲ್ಲ. ಇಂಥ ಕಡೆಗಳಲ್ಲಿ ಏನೆಂದು ಕೇಳಬೇಕು? ಚೀನೀ ಭಾಗದಿಂದ ತರಿಸಿದರೆ ಅಪಾಯ ಕಡಿಮೆಯೇ? ಎರಡು ದೇಶಗಳ ಅಡುಗೆಯನ್ನು ಒಂದೇ ಒಲೆಯಲ್ಲಿ ಮಾಡುವವರು ಯಾವುದನ್ನಾದರೂ ಸರಿಯಾಗಿ ಮಾಡುತ್ತಾರೆಯೇ ಎಂಬ ಸಂದೇಹವೂ ಇದೆ.

ಉತ್ತರ — ಹಳೆಯ ನಿವಾಸಿ

ಸ್ವಾಮಿ, ನೀವು ಕಲಿಯಬೇಕಾದ ಶಬ್ದ ಒಂದೇ: ‘ಚೈ’. ವಿಯೆಟ್ನಾಮೀ ಭಾಷೆಯಲ್ಲಿ ಇದು ಬೌದ್ಧರ ಸಸ್ಯಾಹಾರಕ್ಕೆ ಇರುವ ಹೆಸರು, ನಮ್ಮ ಚಹಾಕ್ಕೂ ಇದಕ್ಕೂ ಸಂಬಂಧವಿಲ್ಲ. ‘ವೆಜಿಟೆಬಲ್’ ಎಂದು ಕೇಳಿದರೆ ತರಕಾರಿ ಹಾಕಿದ್ದು ಎಂದಷ್ಟೇ ಅವರಿಗೆ ಅರ್ಥವಾಗುತ್ತದೆ, ನಿಮಗೆ ಆದದ್ದೂ ಅದೇ. ‘ಚೈ’ ಎಂದರೆ ಮಾಂಸ, ಮೀನು, ಮೂಳೆಯ ಸಾರು, ಮೀನಿನ ಸಾಸ್ ಯಾವುದೂ ಇರಬಾರದೆಂಬುದು ಅವರಿಗೆ ವಿವರಿಸದೆಯೇ ತಿಳಿಯುತ್ತದೆ. ಅಲ್ಲಿನ ಅನೇಕ ಬೌದ್ಧರು ಚಾಂದ್ರಮಾನ ತಿಂಗಳ 1ನೆಯ ಮತ್ತು 15ನೆಯ ದಿನ, ಅಂದರೆ ಹೆಚ್ಚುಕಡಿಮೆ ನಮ್ಮ ಅಮಾವಾಸ್ಯೆ ಹುಣ್ಣಿಮೆಗಳಂದು, ಮಾಂಸ ಬಿಡುತ್ತಾರೆ. ಕಟ್ಟುನಿಟ್ಟಾಗಿ ಪಾಲಿಸುವವರು ಈರುಳ್ಳಿ ಬೆಳ್ಳುಳ್ಳಿಯನ್ನೂ ಬಿಡುತ್ತಾರೆ. ನಮ್ಮ ಮಠದ ಊಟ ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮುಖ್ಯವಾಗಿ ಎಚ್ಚರ ವಹಿಸಬೇಕಾದದ್ದು ನೂಕ್ ಮಾಮ್ ಎಂಬ ಮೀನಿನ ಸಾಸಿನ ವಿಷಯದಲ್ಲಿ. ಕರಾವಳಿಯವರು ಬೊಳಂಜಿರ್ ಎನ್ನುವಂಥ ಸಣ್ಣ ಮೀನನ್ನು ಉಪ್ಪಿನೊಡನೆ ತಿಂಗಳುಗಟ್ಟಲೆ ಹುದುಗಿಸಿ ಇಳಿಸಿದ ರಸ ಅದು. ಸ್ಪ್ರಿಂಗ್ ರೋಲ್ ಎಂಬ ಸುರುಳಿಗಳ ಜೊತೆಗೆ ಪುಟ್ಟ ಬಟ್ಟಲಿನಲ್ಲಿ ಬರುವ, ಕ್ಯಾರೆಟ್ ಎಳೆಗಳು ತೇಲುತ್ತಿರುವ, ನೋಡಲು ಪಾನಕದಂತಿರುವ ದ್ರವಕ್ಕೂ ಅದೇ ಆಧಾರ. ಫೋ ಎಂಬ ಹೆಸರುವಾಸಿ ಸೂಪಿಗಂತೂ ದನದ ಮೂಳೆಯನ್ನು, ಸುಟ್ಟ ಶುಂಠಿ, ಸುಟ್ಟ ಈರುಳ್ಳಿ, ಚಕ್ರಮೊಗ್ಗು, ಚಕ್ಕೆ, ಲವಂಗಗಳೊಡನೆ ಗಂಟೆಗಟ್ಟಲೆ ಕುದಿಸುತ್ತಾರೆ. ಪರಿಮಳ ನಮ್ಮ ಮಸಾಲೆಯ ಡಬ್ಬಿಯದೇ ಆಗಿರುವುದರಿಂದ ನಮ್ಮವರು ಮೋಸಹೋಗುವುದು ಸುಲಭ. ಹೆಸರಿನಲ್ಲಿ ‘ಬೊ’ ಎಂದಿದ್ದರೆ ದನದ ಮಾಂಸ, ‘ಗಾ’ ಎಂದಿದ್ದರೆ ಕೋಳಿ, ‘ಹೆಯೊ’ ಎಂದಿದ್ದರೆ ಹಂದಿ, ‘ತೋಮ್’ ಎಂದಿದ್ದರೆ ಸೀಗಡಿ.

ಚೀನೀ ಭಾಗ ಸುರಕ್ಷಿತವೆಂಬ ನಂಬಿಕೆ ನಮ್ಮ ಗೋಬಿ ಮಂಚೂರಿಯಿಂದ ಬಂದದ್ದಿರಬೇಕು. ಆ ತಿಂಡಿ ಭಾರತದಲ್ಲಿ ಹುಟ್ಟಿದ್ದು, ಇಲ್ಲಿ ಅದನ್ನು ಹುಡುಕಬೇಡಿ. ಇಲ್ಲಿ ಹಸಿರು ಸೊಪ್ಪಿನ ಪಲ್ಯದ ಮೇಲೂ ಸಿಂಪಿಯ ಸಾಸ್ ಸುರಿಯುತ್ತಾರೆ, ಬದನೆಕಾಯಿ–ತೋಫು ಖಾದ್ಯದಲ್ಲಿ ಅನೇಕ ವೇಳೆ ಹಂದಿಯ ಕೈಮಾ ಇರುತ್ತದೆ, ಹಳದಿ ನೂಡಲ್ಸಿನ ಹಿಟ್ಟಿಗೇ ಮೊಟ್ಟೆ ಕಲಸಿರುತ್ತಾರೆ.

ಉತ್ತರ — ಕುಂದಾಪುರದ ನಾಲಿಗೆ

ಒಲೆ ಒಂದೇ ಆದರೂ ಅಲ್ಲಿ ಎರಡು ದೇಶಗಳ ಅಡುಗೆಯನ್ನು ಯಾರೂ ತಂದು ಸೇರಿಸಿಲ್ಲ. ಆ ಮನೆತನಗಳ ಅಡುಗೆಯೇ ಹಾಗಿದೆ. ದಕ್ಷಿಣ ಚೀನಾದ ಕ್ಯಾಂಟನ್, ತಿಯೋಚ್ಯೂ, ಫೂಜಿಯನ್ ಪ್ರಾಂತಗಳಿಂದ ಹೋಗಿ ಸೈಗಾನಿನ ಪಕ್ಕದಲ್ಲಿ ನೆಲೆನಿಂತ ವ್ಯಾಪಾರಿಗಳ ಊರು ಚೋಲೊನ್. ಆ ಹೆಸರಿಗೆ ದೊಡ್ಡ ಸಂತೆ ಎಂದೇ ಅರ್ಥ. 1975ರಲ್ಲಿ ಯುದ್ಧ ಮುಗಿದು, 1978ರಲ್ಲಿ ಅಲ್ಲಿನ ಸರಕಾರವು ದಕ್ಷಿಣದ ಖಾಸಗಿ ವ್ಯಾಪಾರವನ್ನು ನಿಲ್ಲಿಸಿ, ಮರುವರ್ಷ ಚೀನಾದೊಡನೆ ಗಡಿಯಲ್ಲಿ ಯುದ್ಧವೂ ನಡೆದಾಗ, ಈ ಚೀನೀ ಮೂಲದವರು ಲಕ್ಷಗಟ್ಟಲೆ ಸಂಖ್ಯೆಯಲ್ಲಿ ದೇಶ ಬಿಟ್ಟರು, ಬಹಳ ಮಂದಿ ದೋಣಿಗಳಲ್ಲಿ. ಹೀಗೆ ಬಂದವರಲ್ಲಿ ಕೆಲವರು ಕ್ಯಾಲಿಫೋರ್ನಿಯಾದಲ್ಲಿ ಹೋಟೆಲು ತೆರೆದರು. ಇಂದು ಸ್ಯಾನ್ ಹೋಸೆಯೊಂದರಲ್ಲೇ ವಿಯೆಟ್ನಾಮೀ ಮೂಲದವರು ಒಂದು ಲಕ್ಷಕ್ಕೂ ಹೆಚ್ಚಿದ್ದಾರೆ.

ಆದ್ದರಿಂದ ಇಂಥ ಕಡೆ ಎಲ್ಲರೂ ತರಿಸುವ ಫೋವನ್ನು ಬಿಟ್ಟು ಹೂ ತಿಯೂ ತರಿಸಿ ಎಂಬುದು ನನ್ನ ಅಭಿಪ್ರಾಯ. ಅದರ ಹೆಸರೇ ತಿಯೋಚ್ಯೂ ಜನರ ಅಕ್ಕಿ ನೂಡಲ್ಸಿನಿಂದ ಬಂದದ್ದು. ಅದರ ‘ನಾಮ್ ವಾಂಗ್’ ಬಗೆಗೆ ಕಾಂಬೋಡಿಯದ ರಾಜಧಾನಿ ನಾಮ್ ಪೆನ್ನಿನ ಹೆಸರಿದೆ. ಒಂದು ತಿಂಡಿ ಮೂರು ಸೀಮೆ ಸುತ್ತಿ ಬಂದಿದೆ ಎಂದಾಯಿತು. ನಾನಂತೂ ಒಣಗಿದ್ದನ್ನೇ ತರಿಸುತ್ತೇನೆ: ನೂಡಲ್ಸ್ ಒಂದು ಬಟ್ಟಲಿನಲ್ಲಿ, ಹಂದಿಮೂಳೆಯ ತಿಳಿಸಾರು ಪಕ್ಕದ ಪುಟ್ಟ ಬಟ್ಟಲಿನಲ್ಲಿ ಬರುತ್ತದೆ. ಹುರಿದ ಬೆಳ್ಳುಳ್ಳಿಯ ಚೂರುಗಳು ನೂಡಲ್ಸಿನ ಎಣ್ಣೆಗೆ ಅಂಟಿಕೊಂಡಿರುತ್ತವೆ. ಸಾರು ಸುರಿದರೆ ಅವು ಮೆತ್ತಗಾಗುತ್ತವೆ, ಆದುದರಿಂದ ಸುರಿಯದೆ ನಡುನಡುವೆ ಗುಟುಕರಿಸಬೇಕು.

ನಿಮ್ಮ ತಾಯಿಯವರಿಗೆ ‘ಬಾನ್ ಸೇಯೊ ಚೈ’ ಇದೆಯೇ ಎಂದು ಕೇಳಿ ನೋಡಿ. ಅಕ್ಕಿಹಿಟ್ಟಿಗೆ ಅರಿಸಿನ ಮತ್ತು ತೆಂಗಿನ ಹಾಲು ಬೆರೆಸಿ ಕಾವಲಿಯ ಮೇಲೆ ಹುಯ್ದದ್ದು. ‘ಸೇಯೊ’ ಎಂಬುದು ಹಿಟ್ಟು ಬಿದ್ದಾಗ ಏಳುವ ಸದ್ದು, ನಮ್ಮ ‘ಚುಂಯ್’ ಇದ್ದಂತೆ. ಸಾಮಾನ್ಯವಾಗಿ ಒಳಗೆ ಸೀಗಡಿ, ಹಂದಿಮಾಂಸ ಇರುತ್ತವೆ. ಚೈ ಆದರೆ ಹೆಸರುಕಾಳಿನ ಮೊಳಕೆ, ಅಣಬೆ, ತೋಫು. ಚೂರು ಮುರಿದು ಸೊಪ್ಪಿನಲ್ಲಿ ಸುತ್ತಿ ತಿನ್ನಬೇಕು.

ಉತ್ತರ — ಮಿಲ್ಪಿಟಾಸಿನಿಂದ

ಮೇಲಿನ ಇಬ್ಬರ ಮಾತನ್ನೂ ಒಪ್ಪುತ್ತೇನೆ, ಆದರೆ ಒಂದು ಪ್ರಶ್ನೆ ಉಳಿಯುತ್ತದೆ. ‘ಚೈ’ ಎಂದು ಹೇಳಿ ತರಿಸಿದರೂ ಬಾಣಲೆ ಮತ್ತು ಸೌಟುಗಳು ಬೇರೆಯಾಗಿರುವುದಿಲ್ಲ. ಇದನ್ನು ಲೆಕ್ಕಿಸುವವರಾದರೆ, ಪೂರ್ತಿ ಚೈ ಅಡುಗೆಯನ್ನೇ ಮಾಡುವ ಹೋಟೆಲುಗಳು ಈ ಊರಿನಲ್ಲಿಯೇ ಇವೆ, ಅಲ್ಲಿಗೆ ಕರೆದುಕೊಂಡು ಹೋಗಿ. ಅಲ್ಲಿ ಸೋಯಾದಿಂದ ಮಾಡಿದ ಹುಸಿ ಮಾಂಸ ಬಡಿಸುತ್ತಾರೆ, ಅದನ್ನು ಕಂಡು ತಾಯಿಯವರು ಗಾಬರಿಯಾದಾರು, ಮೊದಲೇ ತಿಳಿಸಿಡಿ. ಇಂಥ ಹೋಟೆಲುಗಳಲ್ಲಿ ಅನೇಕ ಕಡೆ ಬಿಲ್ಲು ಮೇಜಿಗೆ ಬರುವುದಿಲ್ಲ. ಕಾಯುತ್ತ ಕೂರದೆ ಎದ್ದು ಗಲ್ಲಾದ ಬಳಿ ಮೇಜಿನ ಸಂಖ್ಯೆ ಹೇಳಿದರಾಯಿತು.

ಪ್ರಶ್ನಿಸಿದವರ ಮರುಬರಹ

ಎಲ್ಲರಿಗೂ ಧನ್ಯವಾದಗಳು. ಪಾತ್ರೆಯ ವಿಷಯವನ್ನು ತಾಯಿಯವರಿಗೆ ಇದ್ದಂತೆಯೇ ಹೇಳಿದೆ. ಅವರು ಸ್ವಲ್ಪ ಹೊತ್ತು ಯೋಚಿಸಿ, ಪೂರ್ತಿ ಚೈ ಇರುವಲ್ಲಿಗೇ ಹೋಗೋಣ ಎಂದದ್ದರಿಂದ ನಿನ್ನೆ ಅಂಥದೊಂದನ್ನು ಹುಡುಕಿ ಹೋದೆವು. ಬಾನ್ ಸೇಯೊ ಮುಗಿದುಹೋಗಿತ್ತು. ಬೂನ್ ಎಂಬ ಸಣ್ಣೆಳೆಯ ಅಕ್ಕಿ ನೂಡಲ್ಸಿನ ತಣ್ಣನೆಯ ಬಟ್ಟಲು ಬಂದಿತು. ಕೆಳಗೆ ಸೊಪ್ಪು, ಮೇಲೆ ಹುರಿದ ತೋಫು, ಕುಟ್ಟಿದ ಕಡಲೆಬೀಜ. ತಾಯಿಯವರು ಒಂದು ಎಳೆಯನ್ನು ಬೆರಳಿನಲ್ಲಿ ಎತ್ತಿ ಹಿಡಿದು, ‘ಇದು ನಮ್ಮ ಒತ್ತು ಶ್ಯಾವಿಗೆ ಅಲ್ಲವೇನೋ’ ಎಂದರು. ಅಕ್ಕಿಯ ಹಿಟ್ಟನ್ನು ಅಚ್ಚಿನಲ್ಲಿ ಒತ್ತಿಯೇ ಮಾಡುವುದೆಂದು ಹೋಟೆಲಿನವರಿಂದ ತಿಳಿದ ಮೇಲೆ, ಒಗ್ಗರಣೆಯೊಂದನ್ನು ಬಿಟ್ಟರೆ ಬೇರೆ ಕೊರತೆಯಿಲ್ಲ ಎಂದು ಬಟ್ಟಲನ್ನು ಖಾಲಿ ಮಾಡಿದರು.

ತಂದೆಯವರು ಕಾಫಿ ತರಿಸಿದರು. ಲೋಟದ ತಳದಲ್ಲಿ ಬೆರಳಗಲ ಗಟ್ಟಿ ಸಿಹಿ ಹಾಲು, ಮೇಲೆ ಕೂರಿಸಿದ ಪುಟ್ಟ ತಗಡಿನ ಫಿಲ್ಟರು. ಡಿಕಾಕ್ಷನ್ ತೊಟ್ಟುತೊಟ್ಟಾಗಿ ಇಳಿಯುವುದನ್ನು ಅವರು ಐದು ನಿಮಿಷ ಮಾತಿಲ್ಲದೆ ನೋಡುತ್ತ ಕೂತರು. ರೊಬಸ್ಟಾ ಕಾಫಿಯ ಕಹಿ ಹೆಚ್ಚಾಯಿತೆಂದು ಗೊಣಗಿದರೂ ಇನ್ನೊಂದು ಲೋಟ ತರಿಸಿದರು. ಸುರುಳಿಗಳ ಜೊತೆಗೆ ಬಂದ ಬಟ್ಟಲಿನದು ಬರೀ ಸೋಯಾ ಸಾಸ್ ಎಂದು ಹೋಟೆಲಿನವರು ಎರಡು ಸಲ ಹೇಳಿದರೂ ತಾಯಿಯವರು ಮಾತ್ರ ಅದನ್ನು ಮುಟ್ಟಲಿಲ್ಲ.